ಬಣ್ಣ ಕೇಳುವ ಮೊದಲು ವರ್ಷ ಕೇಳಿ

ಕೇಳುಗರಿಗೆ ನಮಸ್ಕಾರ.

ಒಂದು ಅಂಗುಲಕ್ಕಿಂತ ತುಸು ಎತ್ತರದ ಸೈನಿಕರ ಬೊಂಬೆಗಳಿಗೆ ಬಣ್ಣ ಹಚ್ಚಿ, ಹಳೆಯ ಕಾಲದ ಯುದ್ಧಗಳನ್ನು ಮೇಜಿನ ಮೇಲೆ ನಿಯಮಬದ್ಧವಾಗಿ ಆಡುವ ವಾರ್‌ಗೇಮಿಂಗ್ ಹವ್ಯಾಸದವರು ನಮ್ಮಲ್ಲಿಯೂ ಇದ್ದಾರೆ. ಹದಿನೆಂಟನೆಯ ಶತಮಾನದ ಆರಂಭದ ಸ್ವೀಡನ್ ಮತ್ತು ಡೆನ್ಮಾರ್ಕ್ ಸೇನೆಗಳನ್ನು ಆರಿಸಿಕೊಂಡವರು ನನ್ನನ್ನು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ ಆಗಿರುತ್ತದೆ: ಸ್ವೀಡನ್ನಿನ ಹನ್ನೆರಡನೆಯ ಕಾರ್ಲ್ ದೊರೆಯ ಸೈನಿಕನಿಗೆ ಯಾವ ನೀಲಿ ಹಚ್ಚಬೇಕು? ನನ್ನ ಉತ್ತರವೂ ಒಂದೇ. ನೀವು ಕೇಳುತ್ತಿರುವುದು ಯಾವ ವರ್ಷದ ಸೈನಿಕನ ಬಗ್ಗೆ? ಬಣ್ಣ ಕೇಳುವ ಮೊದಲು ವರ್ಷ ಕೇಳಿ. ಈ ಒಂದು ಮಾತನ್ನು ಇವತ್ತು ನಾನು ಹಲವು ಬಾರಿ ಹೇಳುತ್ತೇನೆ, ಏಕೆಂದರೆ ತಪ್ಪುಗಳೆಲ್ಲ ಹುಟ್ಟುವುದು ಇದನ್ನು ಮರೆತಾಗಲೇ.

ಉತ್ತರದ ಮಹಾಯುದ್ಧ ನಡೆದದ್ದು 1700ರಿಂದ 1721ರವರೆಗೆ. ಒಂದು ಕಡೆ ಸ್ವೀಡನ್, ಎದುರಿಗೆ ಡೆನ್ಮಾರ್ಕ್-ನಾರ್ವೆ, ಸ್ಯಾಕ್ಸನಿ-ಪೋಲೆಂಡ್ ಮತ್ತು ರಷ್ಯಾ. ಅಷ್ಟು ದೀರ್ಘಕಾಲ ನಡೆದ ಯುದ್ಧದಲ್ಲಿ ಒಂದು ಸೇನೆ ಮೊದಲಿನಿಂದ ಕೊನೆಯವರೆಗೆ ಒಂದೇ ಉಡುಪಿನಲ್ಲಿ ಇತ್ತೆಂದು ನಂಬುವುದು ಹೇಗೆ?

ಎಲ್ಲರ ಕಣ್ಣಿನಲ್ಲಿರುವ ಚಿತ್ರವನ್ನು ಮೊದಲು ಹೇಳಿಬಿಡುತ್ತೇನೆ. ಮೊಣಕಾಲು ಮುಟ್ಟುವ ನೀಲಿ ಉಣ್ಣೆಯ ಕೋಟು, ಮುಂಗೈಯಲ್ಲಿ ಅಗಲವಾಗಿ ಮೇಲಕ್ಕೆ ಮಡಿಚಿದ ಹಳದಿ ಪಟ್ಟಿ, ಒಳಗೆ ಹಳದಿ ಅಸ್ತರಿ, ಎದೆಯುದ್ದಕ್ಕೂ ಗುಂಡಿಗಳ ಸಾಲು, ಮೊಣಕಾಲಿನವರೆಗಿನ ಷರಾಯಿ, ಅದರ ಕೆಳಗೆ ಉದ್ದನೆಯ ಕಾಲುಚೀಲ. ತಲೆಗೆ ಕಪ್ಪು ಫೆಲ್ಟ್ ಟೋಪಿ, ಇಲ್ಲವೇ ಚಳಿಯಲ್ಲಿ ಕಿವಿಯ ಮೇಲೆ ಇಳಿಬಿಟ್ಟುಕೊಳ್ಳಬಹುದಾದ ಕಾರ್ಪುಸ್ ಎಂಬ ಕುಲಾವಿ. ಈ ಚಿತ್ರ ಸುಳ್ಳಲ್ಲ. ಆದರೆ ಯೊನ್‌ಶೋಪಿಂಗ್ ರೆಜಿಮೆಂಟಿನವರ ಮತ್ತು ನೆರ್ಕೆ-ವೆರ್ಮ್‌ಲಾಂಡ್ ರೆಜಿಮೆಂಟಿನವರ ಮುಂಗೈ ಪಟ್ಟಿ ಹಳದಿಯಲ್ಲ, ಕೆಂಪು. ಯುದ್ಧದ ನಡುವೆ ಕೋಟಿನ ಹೊಲಿಗೆಯೇ ಬದಲಾಗಿ, ಕೆಳಅಂಚಿನ ಮೂಲೆಗಳನ್ನು ಹಿಂದಕ್ಕೆ ಮಡಿಚಿ ಸಿಕ್ಕಿಸುವ ರೂಢಿ ಬಂತು. ಮಡಿಚಿದಾಗ ಅಸ್ತರಿಯ ಬಣ್ಣ ಹೊರಗೆ ಕಾಣುತ್ತದೆ, ಮಡಿಚದಿದ್ದರೆ ಕಾಣುವುದಿಲ್ಲ. ಬೊಂಬೆಯ ಮೇಲೆ ಇದು ಎರಡು ಮಿಲಿಮೀಟರಿನ ಬಣ್ಣ. ಆ ಎರಡು ಮಿಲಿಮೀಟರನ್ನು ತೀರ್ಮಾನಿಸುವುದು ವರ್ಷ.

ಸ್ವೀಡನ್ನಿನ ಪದಾತಿ ದಳದ ಬಹುಪಾಲು ಹಳ್ಳಿಗಳಿಂದ ಬಂದದ್ದು. ಅವನ ತಂದೆ ಹನ್ನೊಂದನೆಯ ಕಾರ್ಲ್ ದೊರೆ 1680ರ ದಶಕದಲ್ಲಿ ನೆಲೆಗೊಳಿಸಿದ ವ್ಯವಸ್ಥೆಯಲ್ಲಿ ಕೆಲವು ರೈತ ಮನೆತನಗಳು ಸೇರಿ ಒಬ್ಬ ಸೈನಿಕನನ್ನು ಸಾಕುತ್ತಿದ್ದವು. ಅವನಿಗೊಂದು ಗುಡಿಸಲು, ತುಂಡು ಹೊಲ ಕೊಡುತ್ತಿದ್ದವು, ಅವನ ಉಡುಪಿನ ಖರ್ಚಿನಲ್ಲಿಯೂ ಪಾಲು ಹೊರುತ್ತಿದ್ದವು. ರೆಜಿಮೆಂಟಿನಲ್ಲಿ ತುಂಬುಬಲ ಇದ್ದಾಗ ಸುಮಾರು 1,200 ಜನ. ಇಷ್ಟು ಜನರಿಗೆ ಬಟ್ಟೆ ನೇಯಿಸಿ, ಬಣ್ಣ ಹಾಕಿಸಿ, ಹೊಲಿಸಿ, ಸಾವಿರ ಮೈಲಿ ಆಚೆಗಿನ ರಣರಂಗಕ್ಕೆ ಕಳುಹಿಸುವ ಕೆಲಸ ಆಜ್ಞೆ ಹೊರಟ ದಿನವೇ ಮುಗಿಯುವುದಿಲ್ಲ. ಕಾಗದದ ಮೇಲಿನ ಆಜ್ಞೆ ಬೇರೆ, ಬೆನ್ನ ಮೇಲಿನ ಕೋಟು ಬೇರೆ. ಸಮವಸ್ತ್ರದ ಆಜ್ಞೆಯೊಂದು ಸಿಕ್ಕಿತೆಂದು ಸಂಶೋಧನೆ ಮುಗಿಸಿ ಕುಂಚ ಹಿಡಿಯುವವರಿಗೆ ನಾನು ಹೇಳುವುದಿಷ್ಟೇ: ಸ್ವಲ್ಪ ತಾಳಿ, ವರ್ಷ ಕೇಳಿ.

1706ರ ಶರತ್ಕಾಲದಿಂದ 1707ರ ಬೇಸಿಗೆಯವರೆಗೆ ಕಾರ್ಲ್‌ನ ಸೇನೆ ಸ್ಯಾಕ್ಸನಿಯಲ್ಲಿ ಬೀಡುಬಿಟ್ಟು, ಆ ಶ್ರೀಮಂತ ನಾಡಿನ ಹಣದಲ್ಲಿ ಹೊಸ ಬಟ್ಟೆ ತೊಟ್ಟು ಪೂರ್ವಕ್ಕೆ ಹೊರಟಿತು. ಬಣ್ಣದ ಡಬ್ಬಿಯಿಂದ ತೆಗೆದ ಹಾಗೆಯೇ ಶುದ್ಧ ನೀಲಿ ಹಚ್ಚಬೇಕೆಂದರೆ 1707ರ ಸೈನಿಕನಿಗೆ ಧಾರಾಳವಾಗಿ ಹಚ್ಚಿ. ಮುಂದಿನ ವರ್ಷ ಲೆಸ್ನಾಯಾದಲ್ಲಿ ಸ್ವೀಡಿಷ್ ಸೇನಾಪತಿ ಲೆವೆನ್‌ಹೌಪ್ಟ್ ತರುತ್ತಿದ್ದ ಸರಬರಾಜಿನ ಬಂಡಿಗಳು ಕೈತಪ್ಪಿದವು. ಅದರ ಬೆನ್ನಿಗೇ ಯುರೋಪನ್ನೆಲ್ಲ ಮರಗಟ್ಟಿಸಿದ 1708-09ರ ಚಳಿಗಾಲ ಬಂತು. 1709ರ ಬೇಸಿಗೆಯಲ್ಲಿ ಪೊಲ್ಟಾವಾದ ಬಯಲಿನಲ್ಲಿ ನಿಂತವರು ಅದೇ ರೆಜಿಮೆಂಟುಗಳ ಜನ, ಆದರೆ ಅವರ ಕೋಟು ತೇಪೆ ಹಾಕಿದ್ದು, ಬಿಸಿಲಿಗೆ ಮಾಸಿದ್ದು. ತಮ್ಮವರ ಗುರುತಿಗೆಂದು ಅಂದು ಅವರು ಟೋಪಿಗೆ ಒಣಹುಲ್ಲಿನ ಎಸಳು ಸಿಕ್ಕಿಸಿಕೊಂಡಿದ್ದರು. ಕುಂಚದ ತುದಿಯಿಂದ ಒಂದು ಹಳದಿ ಗೀರು ಎಳೆದರೆ ಸಾಕು, ನಿಮ್ಮ ಬೊಂಬೆ ಪೊಲ್ಟಾವಾದ ಬೊಂಬೆಯಾಗುತ್ತದೆ.

ಪೊಲ್ಟಾವಾದಲ್ಲಿ ಸ್ವೀಡನ್ನರು ರಷ್ಯನ್ನರಿಗೆ ಸೋತ ನಂತರ ಡೇನರು ಕಡಲು ದಾಟಿ ಸ್ವೀಡನ್ನಿನ ದಕ್ಷಿಣದ ಸ್ಕೋನೆ ಪ್ರಾಂತ್ಯಕ್ಕೆ ನುಗ್ಗಿದರು. ಸ್ವೀಡಿಷ್ ಸೇನಾಪತಿ ಮಾಗ್ನುಸ್ ಸ್ಟೆನ್‌ಬಾಕ್ ತರಾತುರಿಯಲ್ಲಿ ಹೊಸ ಪಡೆ ಕಟ್ಟಿ, 1710ರಲ್ಲಿ ಹೆಲ್ಸಿಂಗ್‌ಬೊರ್ಗ್‌ನಲ್ಲಿ ಅವರನ್ನು ಸೋಲಿಸಿದ. ಅವನ ಹೊಸಬರಲ್ಲಿ ಅನೇಕರಿಗೆ ಸಮವಸ್ತ್ರವೇ ಇರಲಿಲ್ಲ. ಕುರಿತೊಗಲಿನ ಅಂಗಿ, ಮರದ ಪಾದರಕ್ಷೆಯಲ್ಲಿಯೇ ಬಂದಿದ್ದರೆಂದೂ, ಡೇನರು ಅವರನ್ನು ಆಡು ಕಾಯುವ ಹುಡುಗರೆಂದು ಹೀಯಾಳಿಸಿದರೆಂದೂ ಹೇಳುತ್ತಾರೆ. ಹೆಲ್ಸಿಂಗ್‌ಬೊರ್ಗ್ ಆಡಲು ಸಾಲುಸಾಲಾಗಿ ನೀಲಿ-ಹಳದಿ ಬೊಂಬೆಗಳನ್ನು ಮೇಜಿನ ಮೇಲೆ ಜೋಡಿಸಿಟ್ಟದ್ದನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಒಳ್ಳೆಯ ಕೈಗೆಲಸ, ಆದರೆ ವರ್ಷ ಕೇಳಿಲ್ಲ.

ವರ್ಷ ಕೇಳಿದರೂ ದಿನಾಂಕದ ಬಗ್ಗೆ ಎಚ್ಚರವಿರಲಿ. 1700ರಿಂದ 1712ರವರೆಗೆ ಸ್ವೀಡನ್ ತನ್ನದೇ ಆದ ಕ್ಯಾಲೆಂಡರ್ ಇಟ್ಟುಕೊಂಡಿತ್ತು. ಪೊಲ್ಟಾವಾ ಯುದ್ಧ ರಷ್ಯನ್ನರ ಲೆಕ್ಕದಲ್ಲಿ ಜೂನ್ 27, ಸ್ವೀಡನ್ನರ ಲೆಕ್ಕದಲ್ಲಿ ಜೂನ್ 28, ಇಂದಿನ ಲೆಕ್ಕದಲ್ಲಿ ಜುಲೈ 8. ಹಳೆಯ ಲೆಕ್ಕಕ್ಕೆ ಮರಳಲು 1712ರಲ್ಲಿ ಅವರು ಫೆಬ್ರವರಿಗೆ 30ನೆಯ ತಾರೀಖನ್ನೂ ಸೇರಿಸಿದರು. ಸ್ಟಾಕ್‌ಹೋಮಿನ ಯುದ್ಧ ದಾಖಲೆಗಳ ಭಂಡಾರವಾದ ಕ್ರಿಗ್ಸ್‌ಆರ್ಕಿವೆಟ್‌ನಲ್ಲಿರುವ ರೆಜಿಮೆಂಟುಗಳ ಹಾಜರಿ ಪಟ್ಟಿಗಳನ್ನು ಓದುವವರಿಗೆ ಈ ತಿಳಿವಳಿಕೆ ಬೇಕೇ ಬೇಕು.

ಈಗ ನನಗೆ ಬಹಳ ಪ್ರಿಯವಾದ ಒಂದು ಕೋಟಿನ ಕಥೆ. ಸ್ಟಾಕ್‌ಹೋಮಿನ ಅರಮನೆಯಲ್ಲಿ ಲೀವ್‌ರುಸ್ಟ್‌ಕಮ್ಮರೆನ್ ಎಂಬ ರಾಜರ ಶಸ್ತ್ರಾಗಾರವಿದೆ. ತಾನು ರಣರಂಗದಲ್ಲಿ ತೊಟ್ಟ ಬಟ್ಟೆಗಳನ್ನು ಶಾಶ್ವತ ನೆನಪಾಗಿ ಕಾದಿಡಬೇಕೆಂದು ಎರಡನೆಯ ಗುಸ್ತಾವ್ ಅಡಾಲ್ಫ್ ದೊರೆ 1628ರಲ್ಲಿ ಅಪ್ಪಣೆ ಮಾಡಿದ್ದರಿಂದ ಅದು ಹುಟ್ಟಿತು. ಆ ರೂಢಿಯ ಫಲವಾಗಿ, 1718ರ ನವೆಂಬರ್ 30ರ ರಾತ್ರಿ ನಾರ್ವೆಯ ಫ್ರೆಡ್ರಿಕ್‌ಸ್ಟೆನ್ ಕೋಟೆಯ ಮುಂದಿನ ಕಂದಕದಲ್ಲಿ ತಲೆಗೆ ಗುಂಡು ತಗುಲಿ ಸತ್ತಾಗ ಹನ್ನೆರಡನೆಯ ಕಾರ್ಲ್ ತೊಟ್ಟಿದ್ದ ಉಡುಪೂ ಅಲ್ಲಿ ಉಳಿದಿದೆ. ಹಿತ್ತಾಳೆಯ ಗುಂಡಿಗಳಿರುವ ನೀಲಿ ಕೋಟು, ಜರಿಯಿಲ್ಲ, ಕಸೂತಿಯಿಲ್ಲ. ದೊಡ್ಡ ಬೂಟು. ರಕ್ತದ ಕಲೆಯಿರುವ ಕೈಗವಸು. ಗುಂಡು ಹಾಯ್ದ ತೂತಿರುವ ಫೆಲ್ಟ್ ಟೋಪಿ.

ಗುಂಡು ಶತ್ರುವಿನದೋ, ಬೇಸತ್ತ ಸ್ವಂತದವರದೋ ಎಂಬ ಜಗಳ ಅಂದೇ ಶುರುವಾಯಿತು. ದೊರೆಗೆ ಸಾಮಾನ್ಯ ಗುಂಡು ನಾಟುವುದಿಲ್ಲ, ಆದ್ದರಿಂದ ಅವನದೇ ಕೋಟಿನ ಗುಂಡಿಯನ್ನು ಕದ್ದು ಅದನ್ನೇ ಬಂದೂಕಿಗೆ ತುಂಬಿ ಹೊಡೆದರು ಎಂಬ ಐತಿಹ್ಯ ಹಳ್ಳಿಗಳಲ್ಲಿ ಬೆಳೆಯಿತು. ಸೈನಿಕನೊಬ್ಬ ಆ ಗುಂಡಿಯನ್ನು ಹೆಕ್ಕಿ ಊರಿಗೆ ತಂದ, ಪಾದ್ರಿಯ ಮಾತಿನಂತೆ ಅದನ್ನು ಜಲ್ಲಿಯ ಹೊಂಡಕ್ಕೆ ಎಸೆದ ಎಂದೂ ಜನ ಹೇಳುತ್ತಿದ್ದರು. 1924ರಲ್ಲಿ ಅದೇ ಪ್ರದೇಶದ ಕಮ್ಮಾರನೊಬ್ಬನಿಗೆ ಜಲ್ಲಿಯ ರಾಶಿಯಲ್ಲಿ ಒಂದು ವಸ್ತು ಸಿಕ್ಕಿತು: ಹಿತ್ತಾಳೆಯ ಗುಂಡಿ, ಅದರೊಳಗೆ ಸೀಸ ತುಂಬಿತ್ತು! ಅದು ಇಂದು ವಾರ್‌ಬೆರ್ಗ್‌ನ ವಸ್ತುಸಂಗ್ರಹಾಲಯದಲ್ಲಿದೆ. ದೊರೆಯ ಸಾವಿನ ಕಾರಣ ಹುಡುಕಲು 1746, 1799, 1859 ಮತ್ತು 1917ರಲ್ಲಿ ಅವನ ಶವಪೆಟ್ಟಿಗೆಯನ್ನೇ ತೆರೆದರು. ಕೊನೆಗೆ 2022ರಲ್ಲಿ ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದ ಸಂಶೋಧಕರು ಪ್ರಯೋಗಗಳನ್ನು ನಡೆಸಿ, ಗುಂಡು 20 ಮಿಲಿಮೀಟರಿಗಿಂತ ದೊಡ್ಡದು, ಸೀಸದ್ದಲ್ಲ ಎಂದು ತೀರ್ಮಾನಿಸಿದರು. ಅಂದರೆ ಅದು ಕೋಟೆಯ ಫಿರಂಗಿಯಿಂದ ಬಂದಿರುವುದೇ ಹೆಚ್ಚು ಸಂಭವ. ಗುಂಡಿಯ ಕಥೆಗೆ ಅಲ್ಲಿಗೆ ನೆಲೆ ತಪ್ಪಿತು.

ಇದನ್ನು ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. ಜನರ ಬಾಯಿಯ ಕಥೆ ಮುನ್ನೂರು ವರ್ಷ ಓಡಾಡಿತು. ತೀರ್ಮಾನಕ್ಕೆ ನೆರವಾದದ್ದು ಉಳಿದುಬಂದ ವಸ್ತು. ಬಟ್ಟೆಯ ವಿಷಯದಲ್ಲಿಯೂ ಮೊದಲ ಸಾಕ್ಷಿ ಉಳಿದುಬಂದ ಬಟ್ಟೆ, ಆಮೇಲೆ ಹಾಜರಿ ಪಟ್ಟಿ ಮತ್ತು ಬಟ್ಟೆ ಖರೀದಿಯ ಲೆಕ್ಕ, ಆಮೇಲೆ ಆ ಕಾಲದಲ್ಲಿಯೇ ಬರೆದ ಚಿತ್ರ. ಗುಸ್ತಾಫ್ ಸೆಡರ್‌ಸ್ಟ್ರೋಮ್ ಬಿಡಿಸಿದ ಕಾರ್ಲ್‌ನ ಶವಯಾತ್ರೆಯ ಪ್ರಸಿದ್ಧ ಚಿತ್ರವನ್ನು ನೋಡಿ ಬಣ್ಣ ಆರಿಸುವವರು ತುಂಬ ಜನ. ಅದರ ಮೊದಲ ಪ್ರತಿ 1878ರದು, ಘಟನೆಯಾಗಿ 160 ವರ್ಷದ ನಂತರದ್ದು. ಹಿಮದ ದಾರಿಯಲ್ಲಿ ದೊರೆಯ ಮುಖ ತೆರೆದಿಟ್ಟು ಹೊತ್ತೊಯ್ದರೆಂಬುದು ಕಲಾವಿದನ ಕಲ್ಪನೆ. ಚಿತ್ರಕ್ಕೆ ಕೈಮುಗಿಯೋಣ, ಸಾಕ್ಷಿಯೆಂದು ಕರೆಯುವುದು ಬೇಡ. ಹಾಗೆಯೇ ಶಸ್ತ್ರಾಗಾರದ ಕೋಟು ಸಹ 1718ರ ಒಂದು ರಾತ್ರಿಯ, ಒಬ್ಬ ದೊರೆಯ ಕೋಟು. ಅದನ್ನು ನೋಡಿ 1700ರ ನಾರ್ವಾ ಯುದ್ಧದ ಸಿಪಾಯಿಗೆ ಬಣ್ಣ ಹಚ್ಚಬಾರದು.

ಸಮಯ ಮುಗಿಯುತ್ತಾ ಬಂದಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಡೇನಿಷ್ ಪದಾತಿಗಳೆಂದರೆ ಕೆಂಪು ಕೋಟು ಎಂದುಕೊಳ್ಳಬೇಡಿ. ಯುದ್ಧದ ಮೊದಲ ದಶಕದಲ್ಲಿ ಅವರ ಕೋಟು ಬೂದು, ಮುಂಗೈ ಪಟ್ಟಿ ಮಾತ್ರ ರೆಜಿಮೆಂಟಿಗೊಂದು ಬಣ್ಣ. ಕೆಂಪು ಬಂದದ್ದು 1711ರ ಸುಮಾರಿನಿಂದ. ಹೆಲ್ಸಿಂಗ್‌ಬೊರ್ಗ್‌ಗೆ ಬೂದು ಹಚ್ಚಿ, 1712ರ ಗಾಡೆಬುಷ್ ಯುದ್ಧಕ್ಕೆ ಕೆಂಪು ಸೇರಿಸಿ. ಇಲ್ಲಿಯೂ ವರ್ಷವೇ ಉತ್ತರ.

ಬಾವುಟಗಳ ಬಗ್ಗೆ ಒಂದೇ ಮಾತು. ಸ್ವೀಡಿಷ್ ರೆಜಿಮೆಂಟಿನ ಮೊದಲ ಕಂಪನಿಯದು ಬಿಳಿ ಬಾವುಟ, ಅದರ ಮೇಲೆ ರಾಜಲಾಂಛನ. ಉಳಿದ ಕಂಪನಿಗಳದು ಪ್ರಾಂತ್ಯದ ಲಾಂಛನ. ದಾಲಾರ್ನಾ ರೆಜಿಮೆಂಟಿನದಾದರೆ ನೀಲಿಯ ಮೇಲೆ ಕಿರೀಟ ಹೊತ್ತ ಎರಡು ಅಡ್ಡಬಾಣಗಳು.

ಕೊನೆಯದಾಗಿ ಈಟಿ. ಕಾರ್ಲ್‌ನ ಪದಾತಿಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಜನ ಬಂದೂಕಿನ ಬದಲು ಉದ್ದನೆಯ ಈಟಿ ಹಿಡಿಯುತ್ತಿದ್ದರು. ನೀವು ಕೊಂಡ ಡಬ್ಬಿಯಲ್ಲಿ ಈಟಿಯವರು ಕಡಿಮೆಯಿದ್ದರೆ, ಬಂದೂಕಿನವರಲ್ಲಿ ಕೆಲವರ ಕೈಯಿಂದ ಬಂದೂಕನ್ನು ಕತ್ತರಿಸಿ ತೆಗೆದು, ಅಂಗೈಯಲ್ಲಿ ಸಣ್ಣ ತೂತು ಕೊರೆದು, ಬೊಂಬೆಯ ಎತ್ತರದ ಮೂರು ಪಟ್ಟು ಉದ್ದದ ಉಕ್ಕಿನ ತಂತಿಯನ್ನು ಅಂಟಿನಿಂದ ನಿಲ್ಲಿಸಿ. ಪ್ಲಾಸ್ಟಿಕ್ಕಿನ ಈಟಿ ಬಾಗುತ್ತದೆ, ತಂತಿ ಬಾಗುವುದಿಲ್ಲ.

ನಮಸ್ಕಾರ.