ಬೊಂಬೆಯ ಬೆನ್ನು

ಕೇಳುಗರಿಗೆ ನಮಸ್ಕಾರ.

ನವರಾತ್ರಿಗೆ ಇನ್ನು ಹತ್ತೇ ದಿನ. ನಿನ್ನೆ ನಮ್ಮ ಮನೆಯಲ್ಲಿ ಅಟ್ಟದಿಂದ ಟ್ರಂಕು ಇಳಿಯಿತು. ಮೈಸೂರಿನಲ್ಲಿ ಟ್ರಂಕು ಇಳಿಯಿತು ಅಂದರೆ ಬೊಂಬೆಗಳು ನಿದ್ದೆಯಿಂದ ಎದ್ದವು ಅಂತ ಲೆಕ್ಕ. ಮೇಲಿನ ಮೆಟ್ಟಿಲು ಪಟ್ಟದ ಬೊಂಬೆಗಳಿಗೆ. ಆ ರಾಜ, ರಾಣಿ ನಮ್ಮಜ್ಜಿಗೆ ಮದುವೆಯಲ್ಲಿ ತವರಿನವರು ಕೊಟ್ಟದ್ದು. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ಹೊರದೇಶದವರಿಗೆ ಮೀಸಲು. ಕಿಮೋನೊ ತೊಟ್ಟ ಜಪಾನಿನವರು, ಅಲೆಅಲೆ ಲಂಗದ ಸ್ಪೇನಿನವರು, ಹೀಗೆ ಅವರವರ ನಾಡಿನ ಉಡುಪಿನಲ್ಲಿ. ಅರ್ಧ ನಮ್ಮ ಸೋದರಮಾವ ಒಂದು ಕಾಲದಲ್ಲಿ ಕೂಡಿಹಾಕಿದ್ದು. ಇನ್ನರ್ಧ ಮಗಳು ಆನ್‌ಲೈನಿನಲ್ಲಿ ತರಿಸಿದ್ದು. ಹಳಬರು, ಹೊಸಬರು ಅಕ್ಕಪಕ್ಕ ನಿಂತ ಕೂಡಲೇ ಜಗಳ ಶುರುವಾಗುತ್ತದೆ. ಬೊಂಬೆಗಳದ್ದಲ್ಲ, ನನ್ನದು ಮತ್ತು ಮಗಳದ್ದು.

"ಅಮ್ಮ, ನಿನ್ನ ಹಳೇ ಬೊಂಬೆ ನೋಡು. ಎಲ್ಲ ದೇಶದವರಿಗೂ ಒಂದೇ ಮೂಗು!" ಅಂತಾಳೆ ಅವಳು.

ಸುಳ್ಳಲ್ಲ. ಆಗ ಪ್ರವಾಸಿಗರಿಗೆ ಮಾರಲು ಮಾಡಿದ ಎಷ್ಟೋ ಬೊಂಬೆಗಳಿಗೆ ಅಚ್ಚು ಒಂದೇ. ಬಟ್ಟೆ ಬದಲಾಯಿಸಿದರೆ ದೇಶ ಬದಲಾಯಿತು. ಹೊಸಬರ ಮುಖ ಎಷ್ಟೋ ವಾಸಿ. ಬಾರ್ಬಿ ಹುಟ್ಟಿದ್ದು 1959ರಲ್ಲಿ. ಅವಳಿಗೆ ಬೇರೆ ಬೇರೆ ದೇಶದ ಉಡುಪು ತೊಡಿಸಲು ಶುರು ಮಾಡಿದ್ದು 1980ರ ಸುಮಾರಿಗೆ. 1982ರಲ್ಲಿ ಸೀರೆ ಉಟ್ಟವಳೂ ಬಂದಳು. ಆಮೇಲಾಮೇಲೆ ಮೈಬಣ್ಣ, ಕಣ್ಣು, ತುಟಿ ಎಲ್ಲದಕ್ಕೂ ಗಮನ ಕೊಟ್ಟರು. ಮುಖದ ಮಾತು ಬಂದರೆ ನಾನು ಸೋತೆ ಅಂತಲೇ ಇಟ್ಟುಕೊಳ್ಳಿ.

ಆದರೆ ನನ್ನದೊಂದು ಅಭ್ಯಾಸ. ಯಾವ ಬೊಂಬೆ ಕೈಗೆ ಬಂದರೂ ಮೊದಲು ತಿರುಗಿಸಿ ಬೆನ್ನು ನೋಡುತ್ತೇನೆ. ಬೇಗ ಕೆಲಸ ಮುಗಿಸಬೇಕು ಅನ್ನೋರು ಬೆನ್ನನ್ನು ಹಾಗೇ ಬಿಟ್ಟಿರುತ್ತಾರೆ. ಅಂಟು ಹಾಕಿ, ಸ್ಟೇಪ್ಲರ್ ಪಿನ್ ಹೊಡೆದು ಮುಗಿಸಿರುತ್ತಾರೆ. ನಮ್ಮ ಹಳೇ ಜಪಾನಿಯ ಬೆನ್ನಿನ ಮೇಲೆ, ಕಿಮೋನೊ ಸರಿಸಿದರೆ, ಇರುವೆ ಸಾಲಿನಂಥ ಅಕ್ಷರಗಳಿವೆ. 'ಮೇಡ್ ಇನ್ ಆಕ್ಯುಪೈಡ್ ಜಪಾನ್' ಅಂತ. ಯುದ್ಧದಲ್ಲಿ ಸೋತು ಜಪಾನು ಬೇರೆಯವರ ಹಿಡಿತದಲ್ಲಿದ್ದಾಗ ರಫ್ತಾದ ಸಾಮಾನಿನ ಮೇಲೆ ಈ ಮುದ್ರೆ ಇರುತ್ತಿತ್ತು. ಅಂದರೆ 1947ರಿಂದ 1952ರ ಒಳಗಿನದ್ದು. ಅವಳ ಮೈ ಸೆಲ್ಯುಲಾಯ್ಡಿನದು, ಅಂದರೆ ಹಳೇ ಕಾಲದ ಒಂಥರಾ ಪ್ಲಾಸ್ಟಿಕ್ಕಿನದು. ಹೆಬ್ಬೆರಳಿನಲ್ಲಿ ಬಿಸಿಯಾಗುವಷ್ಟು ಉಜ್ಜಿ ಮೂಸಿ ನೋಡಿ, ಮಂಗಳಾರತಿ ತಟ್ಟೆಯ ವಾಸನೆ! ಸೆಲ್ಯುಲಾಯ್ಡಿಗೆ ಕರ್ಪೂರ ಬೆರೆಸುತ್ತಿದ್ದರು. ಅದು ಹತ್ತಿಕೊಳ್ಳುವುದೂ ಕರ್ಪೂರದ ಹಾಗೇ, ಭಗ್ಗನೆ. ನಿಮ್ಮಲ್ಲೂ ಇಂಥದ್ದಿದ್ದರೆ ದೀಪದ ಹತ್ತಿರ ಮಾತ್ರ ಕೂರಿಸಬೇಡಿ.

ಈ ಬಡಪಾಯಿಯ ಪಕ್ಕಕ್ಕೆ ಮಗಳ ಹೊಸ ಜಪಾನಿಯನ್ನು ನಿಲ್ಲಿಸಿದೆ. ಮುಖ ಚೆಂದ, ಬಟ್ಟೆ ಫಳಫಳ. ಕಿಮೋನೊದ ಎದೆ ನೋಡಿದರೆ ಅವಳ ಬಲಗಡೆಯ ಸೆರಗು ಎಡದ ಮೇಲೆ ಬಂದಿದೆ. ಜಪಾನಿನಲ್ಲಿ ಬದುಕಿದ್ದವರು ಎಡದ್ದನ್ನು ಬಲದ ಮೇಲೆ ತರುತ್ತಾರೆ. ಬಲದ್ದು ಮೇಲೆ ಬರುವುದು ಹೆಣಕ್ಕೆ ಉಡಿಸುವಾಗ! ಹಳಬಳದ್ದು ಸರಿಯಾಗಿದೆ. ಅವಳಿಗೆ ಉಡಿಸಿದವರು ಅದನ್ನೇ ಉಟ್ಟು ಬೆಳೆದವರಲ್ವಾ?

ನಾವೇನು ಕಡಿಮೆ? ಹೋದ ವರ್ಷ ಮೇಳವೊಂದರಲ್ಲಿ 'ಕೊಡಗಿನ ಹುಡುಗಿ' ಅಂತ ಚೀಟಿ ಅಂಟಿಸಿದ ಬೊಂಬೆ ಕೊಂಡೆ. ಮನೆಗೆ ಬಂದು ನೋಡಿದರೆ ನೆರಿಗೆ ಮುಂದಿದೆ. ಕೊಡವರ ಸೀರೆಗೆ ನೆರಿಗೆ ಬರುವುದೇ ಹಿಂದೆ. ಅವತ್ತು ಅಂಗಡಿಯಲ್ಲಿ ಬೆನ್ನು ನೋಡದೆ ಕೊಂಡದ್ದು ನನ್ನದೇ ತಪ್ಪು.

ಹಳೇದೆಲ್ಲ ಚಿನ್ನ ಅಂತೇನೂ ನಾನು ಹೇಳುತ್ತಿಲ್ಲ. ನಮ್ಮ ಸ್ಪೇನಿನ ನರ್ತಕಿಯನ್ನೇ ತೆಗೆದುಕೊಳ್ಳಿ. ಚಿಕ್ಲಾನಾ ಅನ್ನೋ ಊರಿನಲ್ಲಿ ಮಾರಿನ್ ಮನೆತನದವರು 1928ರಿಂದ ಇಂಥ ಬೊಂಬೆ ಮಾಡಿ ಹೆಸರಾದರು. ಆದರೆ ಆ ಲಂಗ ಆಂಡಲೂಸಿಯ ಅನ್ನೋ ಒಂದು ಪ್ರಾಂತ್ಯದ್ದು, ಇಡೀ ಸ್ಪೇನಿನದ್ದಲ್ಲ. ಮೈಸೂರು ಪೇಟ ಇಟ್ಟು ಇಡೀ ಭಾರತದ ಉಡುಪು ಅಂದ ಹಾಗಾಯಿತು.

ಈ ವಿಷಯದಲ್ಲಿ ಜಾಸ್ತಿ ಕಷ್ಟಪಟ್ಟವರು ದೆಹಲಿಯ ಅಂತರರಾಷ್ಟ್ರೀಯ ಬೊಂಬೆ ಮ್ಯೂಸಿಯಮ್ಮಿನವರು. ವ್ಯಂಗ್ಯಚಿತ್ರಕಾರ ಶಂಕರ್ ಅವರು ಕಟ್ಟಿದ್ದು. 1965ರಲ್ಲಿ ಅದನ್ನು ಉದ್ಘಾಟಿಸಿದವರು ಆಗಿನ ರಾಷ್ಟ್ರಪತಿ ರಾಧಾಕೃಷ್ಣನ್, ನಮ್ಮ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ ಮೇಷ್ಟ್ರು! ಅಲ್ಲಿನ ಕಾರ್ಯಾಗಾರದಲ್ಲಿ ನಮ್ಮ ಒಂದೊಂದು ಪ್ರಾಂತ್ಯದ ಉಡುಪು, ಒಡವೆ ವಿಚಾರಿಸಿ ಬೊಂಬೆ ಮಾಡುತ್ತಾರೆ. ಹೊರದೇಶದ ಬೊಂಬೆಗಳಿಗೆ ಬದಲಾಗಿ ಇವನ್ನು ಕೊಟ್ಟು ತರಿಸಿಕೊಂಡದ್ದೂ ಉಂಟು.

ಇನ್ನು ಜರಿ. ಹಳೇ ಬೊಂಬೆಯ ಜರಿ ಕಪ್ಪಾಗಿದೆ ಅಂತ ಎಸೆಯಬೇಡಿ. ಕಪ್ಪಾಗಿದೆ ಅಂದರೆ ಬಹುಶಃ ಅದರಲ್ಲಿ ಬೆಳ್ಳಿ ಇದೆ. ಪ್ಲಾಸ್ಟಿಕ್ ಜರಿಗೆ ಆ ಕಾಟವಿಲ್ಲ, ಹಳದಿಯಾಗಿ ಹೊಳೀತಾನೇ ಇರುತ್ತದೆ.

ನಿನ್ನೆ ನಮ್ಮ ರಾಣಿಯ ಸೀರೆ ಬದಲಾಯಿಸಲು ಕೂತೆವು. ನಮ್ಮಲ್ಲಿ ಹಳೇದನ್ನು ಬಿಚ್ಚುವ ಪದ್ಧತಿ ಇಲ್ಲ, ಮೇಲೇ ಹೊಸದು ಉಡಿಸುವುದು. ಈ ಸಲ ಸೊಂಟ ತೀರಾ ದಪ್ಪವಾಗಿ ಬಿಚ್ಚಲೇಬೇಕಾಯಿತು. ಮೊದಲು ನನ್ನ ಸೀಮಂತದ ಸೀರೆಯ ತುಂಡು. ಅದರ ಒಳಗೆ ಅಮ್ಮನ ಹಸಿರು ಮೈಸೂರು ಸಿಲ್ಕು. ಅದರೊಳಗೆ ಯಾರದೋ ಕೆಂಪಂಚು, ಮುಟ್ಟಿದರೆ ಪುಡಿಯಾಗುವಂಥದ್ದು. ಎಲ್ಲಕ್ಕಿಂತ ಒಳಗೆ ಅಜ್ಜಿ ಉಡಿಸಿದ ಪುಟ್ಟ ಕಚ್ಚೆ. ಹಿಂದಕ್ಕೆ ಎಳೆದು ಸಿಕ್ಕಿಸಿದ್ದು ಹಾಗೇ ಇತ್ತು. ಅದಕ್ಕೆ ಒಂದು ಹೊಲಿಗೆಯೂ ಇಲ್ಲ, ಒಂದು ಪಿನ್ನೂ ಇಲ್ಲ.

ಮಗಳು ಸುಮ್ನೆ ನೋಡುತ್ತಾ ಕೂತಿದ್ದಳು. ಆಮೇಲೆ ಎದ್ದು ಹೋಗಿ ತನ್ನ ನೀಲಿ ದುಪಟ್ಟಾ ತಂದಳು. ಕೈಯಲ್ಲಿ ಕತ್ತರಿ ಇತ್ತು, ಅಂಟಿನ ಡಬ್ಬಿಯೂ ಇತ್ತು. ಅಂಟು ನಾನು ಇಸ್ಕೊಂಡೆ.

ನಮಸ್ಕಾರ.