ಬಾಳು ಎಂಬುದು ಒಂದೇ ಪದವಲ್ಲ

ನಮಸ್ಕಾರ. ಶಾಲೆಯ ವ್ಯಾಕರಣದಲ್ಲಿ ‘ನಾನಾರ್ಥ ಪದಗಳು’ ಎಂಬ ಪಟ್ಟಿಯನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಅರಸು ಎಂದರೆ ರಾಜ, ಹುಡುಕು. ಕರೆ ಎಂದರೆ ಕೂಗು, ಹಾಲು ಹಿಂಡು, ಕಲೆ, ದಡ. ಒಂದೇ ಪದಕ್ಕೆ ಸಂಬಂಧವೇ ಇಲ್ಲದ ಇಷ್ಟು ಅರ್ಥಗಳು ಹೇಗೆ ಅಂಟಿಕೊಂಡವು ಎಂದು ಕೇಳುವ ಮಗುವಿಗೆ ಆ ಪಟ್ಟಿಯಲ್ಲಿ ಉತ್ತರವಿಲ್ಲ. ಉತ್ತರ ಕನ್ನಡದ ಚರಿತ್ರೆಯಲ್ಲಿದೆ, ಅದನ್ನು ಮುಚ್ಚಿಟ್ಟು ಪಟ್ಟಿಯನ್ನಷ್ಟೇ ಕಲಿಸುವುದು ತಪ್ಪೆಂದು ನಾನು ನಂಬಿದ್ದೇನೆ.

ಇಂದಿನ ವರ್ಣಮಾಲೆಯಲ್ಲಿ ಇಲ್ಲದ ಎರಡು ಅಕ್ಷರಗಳು ಹಳಗನ್ನಡದಲ್ಲಿದ್ದವು: ಶಕಟರೇಫವೆಂದು ಕರೆಯುವ ‘ಱ’ ಮತ್ತು ರಳವೆಂದು ಕರೆಯುವ ‘ೞ’. ಬದುಕುವುದು ‘ಬಾೞ್’ ಆಗಿತ್ತು, ಕತ್ತಿ ‘ಬಾಳ್’ ಆಗಿತ್ತು. ತಿಳಿಯುವುದು ‘ಅಱಿ’, ಕತ್ತರಿಸುವುದು ‘ಅರಿ’, ಸಂಸ್ಕೃತದಿಂದ ಬಂದ ಶತ್ರುವೂ ‘ಅರಿ’. ರಾಜ ‘ಅರಸು’, ಹುಡುಕುವುದು ‘ಅಱಸು’. ಹಾಲು ಕರೆಯುವುದಕ್ಕೂ ಕಲೆಗೂ ‘ಕಱೆ’ ಎಂದಿದ್ದರೆ, ಕೂಗುವುದಕ್ಕೂ ದಡಕ್ಕೂ ‘ಕರೆ’ ಎಂದಿತ್ತು. ಮೊದಲು ೞ, ಅದರ ಹಿಂದೆ ಱ ನಾಲಗೆಯಿಂದ ಜಾರಿದಾಗ, ಬೇರೆ ಬೇರೆ ಬೇರಿನ ಪದಗಳು ಒಂದೇ ರೂಪ ತಳೆದವು. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ರಳ ಇರುವ ಪದಗಳನ್ನು ಪಟ್ಟಿ ಮಾಡಿಟ್ಟಿದ್ದಾನೆ, ಎಲ್ಲಿ ೞ, ಎಲ್ಲಿ ಳ ಎಂಬುದನ್ನು ಹೇಳಿಕೊಡಬೇಕಾದ ಸ್ಥಿತಿ ಆಗಲೇ ಬಂದಿತ್ತೆಂದು ನನಗೆ ತೋರುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟೆಲ್ ನಿಘಂಟನ್ನು ತೆರೆದರೆ ಈ ಎರಡು ಅಕ್ಷರಗಳು ತಮ್ಮ ಜಾಗದಲ್ಲೇ ಕುಳಿತಿರುವುದು ಕಾಣುತ್ತದೆ. ನೆರೆಯ ತಮಿಳು, ಮಲೆಯಾಳಗಳಲ್ಲಂತೂ ರಳ ಇಂದಿಗೂ ಬಳಕೆಯಲ್ಲಿದೆ.

ತಿಂಗಳು ಎಂಬ ಪದದ ಕಥೆ ಬೇರೆ. ಅಲ್ಲಿ ಇರುವುದು ನಿಜವಾಗಿಯೂ ಒಂದೇ ಪದ: ಚಂದ್ರನೇ ತಿಂಗಳು, ಅವನ ಒಂದು ಸುತ್ತಿನ ಕಾಲವೂ ತಿಂಗಳು. ಅಡಿ ಎಂಬುದೂ ಹಾಗೆಯೇ ಪಾದದಿಂದ ಅಳತೆಯವರೆಗೆ ಹಿಗ್ಗಿದೆ. ಅರ್ಥ ಬೆಳೆದ ಪದವನ್ನೂ, ರೂಪ ಬೆರೆತ ಪದಗಳನ್ನೂ ಒಂದೇ ಶೀರ್ಷಿಕೆಯಡಿ ತುಂಬಿದರೆ ಮಕ್ಕಳಿಗೆ ಭಾಷೆ ಬರಿಯ ಆಕಸ್ಮಿಕವೆಂದು ಅನ್ನಿಸದೆ ಇನ್ನೇನು ಅನ್ನಿಸೀತು? ಪ್ರೌಢಶಾಲೆಯಲ್ಲಿ ಒಂದು ತರಗತಿಯ ಹೊತ್ತು ಸಾಕು. ಱ, ೞ ಎರಡನ್ನೂ ಕಪ್ಪುಹಲಗೆಯ ಮೇಲೆ ಬರೆದು ತೋರಿಸಬಹುದು.

ಕಳೆದುಹೋದ ಅಕ್ಷರಗಳನ್ನು ಮರಳಿ ಬಳಕೆಗೆ ತರಬೇಕೆಂದು ನಾನು ಹೇಳುತ್ತಿಲ್ಲ. ಬಾಳು ಎಂದರೆ ಯಾವ ಬಾಳೆಂಬುದನ್ನು ವಾಕ್ಯವೇ ತಿಳಿಸುತ್ತದೆ. ಆದರೆ ಇನ್ನೂ ಜೀವಂತವಾಗಿರುವ ಲ–ಳ ಭೇದವನ್ನು ವಾರ್ತೆ ಓದುವವರು, ನಿರೂಪಕರು ಅಳಿಸುತ್ತಿರುವುದು ನನ್ನನ್ನು ಕಾಡುತ್ತದೆ. ಹುಲಿ–ಹುಳಿ, ಮಲೆ–ಮಳೆ ಬೆರೆತರೆ ಸಂದರ್ಭ ಕೈಹಿಡಿಯುತ್ತದೆ. ಬೆಲೆ–ಬೆಳೆ ಬೆರೆತರೆ ಹಿಡಿಯುವುದಿಲ್ಲ, ಏಕೆಂದರೆ ಎರಡೂ ರೈತನ ಸುದ್ದಿಯಲ್ಲೇ, ಒಂದೇ ವಾಕ್ಯದಲ್ಲೇ ಬರುತ್ತವೆ. ಈ ವರ್ಷ ಈರುಳ್ಳಿಯ ಬೆಳೆ ಕುಸಿಯಿತೋ, ಬೆಲೆ ಕುಸಿಯಿತೋ ಎಂಬುದು ಕೇಳುಗನಿಗೆ ತಿಳಿಯಲೇಬೇಕು. ಮನೆಮಾತಿನಲ್ಲಿ ಹಕ್ಕಿಯನ್ನು ‘ಅಕ್ಕಿ’ ಎನ್ನುವವರನ್ನು ಗೇಲಿ ಮಾಡುವುದು ಸಲ್ಲದು. ಅದು ಅವರ ಸೀಮೆಯ ನುಡಿ. ನನ್ನ ಆಕ್ಷೇಪ ಮಾತನ್ನೇ ವೃತ್ತಿಯಾಗಿಸಿಕೊಂಡವರ ಮೇಲೆ ಮಾತ್ರ. ನಿರೂಪಕರನ್ನು ಆರಿಸುವಾಗ ವಾಹಿನಿಗಳು ಅವರ ಕೈಗೆ ಒಂದು ಕೃಷಿ ಮಾರುಕಟ್ಟೆಯ ವರದಿಯನ್ನು ಕೊಟ್ಟು ಓದಿಸಲಿ.