14 ಸೆಕೆಂಡು ಅಳೆದ ಕೈಗಡಿಯಾರ

ಕೇಳುಗರಿಗೆ ನಮಸ್ಕಾರ. 1970ರ ಏಪ್ರಿಲ್‌ನಲ್ಲಿ ಚಂದ್ರನತ್ತ ಹೊರಟಿದ್ದ ಅಪೊಲೊ 13 ನೌಕೆಯ ಆಮ್ಲಜನಕದ ತೊಟ್ಟಿ ಸಿಡಿದಾಗ, ಅದರಲ್ಲಿದ್ದ ಮೂವರು ಗಗನಯಾತ್ರಿಗಳು ಚಂದ್ರನ ಮೇಲಿಳಿಯಲೆಂದು ಒಯ್ದಿದ್ದ ಪುಟ್ಟ ನೌಕೆಯನ್ನೇ ಆಸರೆಯಾಗಿಸಿಕೊಂಡು ಭೂಮಿಗೆ ಮರಳಬೇಕಾಯಿತು. ವಿದ್ಯುತ್ತನ್ನು ಉಳಿಸಲು ಕಂಪ್ಯೂಟರನ್ನೂ ಆರಿಸಿದ್ದರು. ಅಷ್ಟರಲ್ಲಿ ದಾರಿ ತುಸು ತಪ್ಪಿತ್ತು. ಸರಿಪಡಿಸದಿದ್ದರೆ ನೌಕೆ ವಾಯುಮಂಡಲವನ್ನು ಸವರಿಕೊಂಡು ಮತ್ತೆ ಬಾಹ್ಯಾಕಾಶಕ್ಕೆ ಚಿಮ್ಮುವ ಅಪಾಯವಿತ್ತು. ಎಂಜಿನ್ನನ್ನು 14 ಸೆಕೆಂಡು ಉರಿಸಬೇಕಿತ್ತು. ಲೊವೆಲ್ ಮತ್ತು ಹೇಯ್ಸ್ ಕಿಟಕಿಯಲ್ಲಿ ಕಾಣುತ್ತಿದ್ದ ಭೂಮಿಯನ್ನೇ ಗುರಿಯಾಗಿಟ್ಟುಕೊಂಡು ನೌಕೆಯನ್ನು ಅಲುಗದಂತೆ ಹಿಡಿದರೆ, ಸ್ವಿಗರ್ಟ್ ತಮ್ಮ ಒಮೆಗಾ ಸ್ಪೀಡ್‌ಮಾಸ್ಟರ್ ಕೈಗಡಿಯಾರದಲ್ಲಿ ಕಾಲವನ್ನು ಅಳೆದರು.

ಬ್ಯಾಟರಿಯಿಲ್ಲದ, ಕೀಲಿ ಕೊಟ್ಟು ನಡೆಸುವ ಗಡಿಯಾರವದು. ಗುಂಡಿ ಒತ್ತಿದರೆ ನಡುವಿನ ಉದ್ದ ಮುಳ್ಳು ಹೊರಡುತ್ತದೆ, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ. ನೌಕೆಯ ಯಾವ ಉಪಕರಣ ಕೆಟ್ಟರೂ ಅದರ ಎಣಿಕೆಗೆ ಭಂಗವಿಲ್ಲ. ಅದರ ನಿಜವಾದ ಹಿರಿಮೆ ಇದೇ ಎಂದು ನನಗನಿಸುತ್ತದೆ.

ಇಂಥ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ನಾಸಾದ ಎಂಜಿನಿಯರ್ ಜೇಮ್ಸ್ ರೇಗನ್ ಅವರ ಉಸ್ತುವಾರಿಯಲ್ಲಿ ಹಲವು ಕಂಪನಿಗಳ ಗಡಿಯಾರಗಳನ್ನು 71 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಎರಡು ದಿನ ಇರಿಸಿ, ಬಳಿಕ 93 ಡಿಗ್ರಿಗೆ ಏರಿಸಿ, ಕೊರೆಯುವ ಚಳಿಗೊಡ್ಡಿ, ನಿರ್ವಾತದಲ್ಲಿಟ್ಟು, ಗುರುತ್ವದ 40 ಪಟ್ಟಿನಷ್ಟು ಹೊಡೆತ ಕೊಟ್ಟು ಪರೀಕ್ಷಿಸಿದರು. ಎಲ್ಲವನ್ನೂ ತಾಳಿಕೊಂಡ ಸ್ಪೀಡ್‌ಮಾಸ್ಟರ್‌ಗೆ 1965ರ ಮಾರ್ಚ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಮುಖಕ್ಕೆ ಗಾಜಿನ ಬದಲು ಪ್ಲಾಸ್ಟಿಕ್ ಹೊದಿಕೆಯಿತ್ತು. ಒಡೆದರೂ ಚೂರುಗಳು ತೂಕರಹಿತ ಕೋಣೆಯಲ್ಲಿ ತೇಲಾಡಿ ಕಣ್ಣಿಗೋ ಶ್ವಾಸಕ್ಕೋ ಹೊಗುವ ಭಯವಿರಲಿಲ್ಲ.

ಕೈಯ ಅಲುಗಾಟದಿಂದ ತಾನೇ ಕೀಲಿ ತುಂಬಿಕೊಳ್ಳುವ ಆಟೊಮ್ಯಾಟಿಕ್ ಗಡಿಯಾರ ತೂಕವಿಲ್ಲದ ಕಡೆ ನಡೆಯದೆಂಬ ಅನುಮಾನ ಅನೇಕರಿಗಿತ್ತು. 1973ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ಗೆ ಹೋದ ವಿಲಿಯಂ ಪೋಗ್ ತಮ್ಮ ಸ್ವಂತ ಸೀಕೊ ಗಡಿಯಾರವನ್ನು ಒಯ್ದು ಅದನ್ನು ಪರಿಹರಿಸಿದರು. ತೂಕವಿಲ್ಲದಿದ್ದರೂ ಕೀಲಿ ತುಂಬುವ ಒಳಗಿನ ತಿರುಗುಬಿಲ್ಲೆಗೆ ಜಡತ್ವವಿದ್ದೇ ಇರುವುದರಿಂದ, ಕೈ ಆಡಿದಾಗ ಅದು ತಿರುಗುತ್ತದೆ.

ಚಂದ್ರನ ನೆಲದ ಮೇಲೆ ಮೊದಲು ಮೆರೆದ ಗಡಿಯಾರ ಮಾತ್ರ ಆರ್ಮ್‌ಸ್ಟ್ರಾಂಗ್ ಅವರದ್ದಲ್ಲ. ನೌಕೆಯೊಳಗಿನ ಕಾಲಮಾಪಕ ಕೆಟ್ಟಿದ್ದರಿಂದ ಅವರು ತಮ್ಮ ಗಡಿಯಾರವನ್ನು ಅಲ್ಲೇ ಬಿಟ್ಟು ಇಳಿದಿದ್ದರು. ಕೈಗೆ ಕಟ್ಟಿಕೊಂಡು ಓಡಾಡಿದವರು ಅವರ ಜೊತೆಗಾರ ಆಲ್ಡ್ರಿನ್. ಆಲ್ಡ್ರಿನ್ನರ ಆ ಗಡಿಯಾರ ಮುಂದೆ ಸ್ಮಿತ್‌ಸೋನಿಯನ್ ಸಂಗ್ರಹಾಲಯಕ್ಕೆ ಸಾಗುವ ದಾರಿಯಲ್ಲಿ ಕಳೆದುಹೋಯಿತು, ಇನ್ನೂ ಪತ್ತೆಯಾಗಿಲ್ಲ.